ಕಲ್ಲಿನ ತಟ್ಟೆ, ಗೋಧಿಯ ಶಾವಿಗೆ



ಹಂಪಿಗೆ ಹೋದವರೆಲ್ಲ ವಿರೂಪಾಕ್ಷನ ಗುಡಿ, ಕಲ್ಲಿನ ರಥ, ಕಮಲ ಮಹಲುಗಳನ್ನು ನೋಡಿ ಬರುತ್ತಾರೆ. ಮುಂದಿನ ಸಲ ನೀವು ಅಲ್ಲಿಗೆ ಹೋದಾಗ ಭೋಜನಶಾಲೆ ಎಂದು ಕರೆಯುವ ಜಾಗದಲ್ಲಿಯೂ ಸ್ವಲ್ಪ ಹೊತ್ತು ನಿಲ್ಲಿ. ನೀರಿನ ಕಾಲುವೆಯ ಎರಡೂ ಬದಿಗೆ ಕಲ್ಲಿನ ತಟ್ಟೆಗಳ ಸಾಲು ಇದೆ. ಅನ್ನಕ್ಕೊಂದು, ಪಲ್ಯಕ್ಕೊಂದು ಎನ್ನುವಂತೆ ಅವುಗಳಲ್ಲಿ ಬಟ್ಟಲುಗಳನ್ನು ಕೊರೆದಿದ್ದಾರೆ. ತಟ್ಟೆ ಉಳಿದಿದೆ, ಊಟ ಉಳಿದಿಲ್ಲ. ಹಾಗಾದರೆ ಊಟದ ಇತಿಹಾಸವನ್ನು ಎಲ್ಲಿ ಹುಡುಕಬೇಕು?

ಚಿತ್ರೀಕರಣಕ್ಕೆಂದು ಹೊಸಪೇಟೆಗೆ ಹೋಗಿದ್ದಾಗ ಒಂದು ರಾತ್ರಿ ಪರಿಚಿತರ ಮನೆಯಲ್ಲಿ ನನಗೆ ಊಟ. ಮಾರುಕಟ್ಟೆಯಿಂದ ಸೀಗಡಿ ತಂದಿದ್ದರು. ಕಾಲೇಜು ಓದುವ ಮೊಮ್ಮಗ ಪಾಸ್ತಾ ಮಾಡುತ್ತೇನೆಂದು ಹೊರಟ, ಅಂಗಡಿ ಮುಚ್ಚಿತ್ತು. ಅಜ್ಜಿ ಡಬ್ಬಿಯಿಂದ ಗೋಧಿ ಶಾವಿಗೆ ತೆಗೆದು, "ಇದರಾಗ ಮಾಡಪ್ಪ, ಇದೂ ಅದೂ ಒಂದ" ಎಂದರು. "ಅದು ಫಾರಿನ್ನಿನದು, ಅಜ್ಜಿ. ಇದು ನಮ್ಮದು" ಎಂದು ಅವನು ನಕ್ಕ.

ಅಡುಗೆಗೆ ಇಪ್ಪತ್ತು ನಿಮಿಷ ಸಾಕಾಯಿತು. ಕುದಿಯುವ ಉಪ್ಪುನೀರಿಗೆ ಶಾವಿಗೆ ಹಾಕಿ, ಇನ್ನೂ ಸ್ವಲ್ಪ ಗಟ್ಟಿ ಇರುವಾಗಲೇ ಬಸಿದರು. ಎಣ್ಣೆಯಲ್ಲಿ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಟೊಮ್ಯಾಟೊ ಬಾಡಿಸಿ ಸೀಗಡಿ ಹಾಕಿದರು. ಸೀಗಡಿ ಬಣ್ಣ ತಿರುಗಿ ಸುರುಳಿಯಾಗಲು ಎರಡು ಮೂರು ನಿಮಿಷ ಸಾಕು. ಹೆಚ್ಚು ಬೆಂದರೆ ಅದರ ಪ್ರೋಟೀನು ಬಿಗಿದು ರಬ್ಬರಿನಂತಾಗುತ್ತದೆ. ಬಸಿದ ನೀರನ್ನು ಒಂದು ಸೌಟು ಬೆರೆಸಿದಾಗ ಅದರಲ್ಲಿದ್ದ ಪಿಷ್ಟದಿಂದ ರಸ ಮಂದವಾಯಿತು. ಊಟ ರುಚಿಯಾಗಿತ್ತು. ಆದರೆ ಪ್ರಶ್ನೆ ಉಳಿಯಿತು. ಅಜ್ಜಿ ಹೇಳಿದ್ದು ಸರಿಯೇ, ಮೊಮ್ಮಗ ಹೇಳಿದ್ದು ಸರಿಯೇ? ತಟ್ಟೆಯಲ್ಲಿದ್ದ ಒಂದೊಂದೇ ಪದಾರ್ಥವನ್ನು ವಿಚಾರಿಸೋಣ.

ಮೊದಲು ಗೋಧಿ. ಬಳ್ಳಾರಿಯ ಪಕ್ಕದ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ರಾಗಿಯಂಥ ಕಿರುಧಾನ್ಯಗಳ ಬಳಗದ ಕಾಳು, ಹುರುಳಿ, ಹೆಸರುಗಳ ಜೊತೆಗೆ ಸ್ವಲ್ಪ ಗೋಧಿ, ಬಾರ್ಲಿಯ ಸುಟ್ಟ ಕಾಳುಗಳೂ ಸಿಕ್ಕಿವೆ. ಪಶ್ಚಿಮ ಏಷ್ಯಾದಲ್ಲಿ ಹುಟ್ಟಿದ ಈ ಬೆಳೆ ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಲ್ಲೇ ಇಲ್ಲಿಗೆ ತಲುಪಿತ್ತು. ಆದರೂ ಅದು ಎಲ್ಲರ ಊಟವಾಗಲಿಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಇಲ್ಲಿ ಗೋಧಿಯನ್ನು ಮುಸಲ್ಮಾನರಷ್ಟೇ ತಿನ್ನುವುದರಿಂದ ಅದು ಉಳಿದ ಧಾನ್ಯಗಳಷ್ಟು ಬಳಕೆಯಲ್ಲಿಲ್ಲ ಎಂದು ಬರೆದಿದ್ದಾನೆ.

ಉತ್ತರ ಕರ್ನಾಟಕದಲ್ಲಿ ಶಾವಿಗೆಗೆ ಒಗ್ಗುವುದು ಜವೆಗೋಧಿ. ಇಟಲಿಯ ಪಾಸ್ತಾಕ್ಕೆ ಬಳಸುವುದು ಡ್ಯೂರಮ್ ಗೋಧಿ. ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಿ: ಬ್ರೆಡ್ಡಿನ ಗೋಧಿಯಲ್ಲಿ 42 ವರ್ಣತಂತುಗಳಿದ್ದರೆ ಈ ಎರಡರಲ್ಲೂ ಇರುವುದು 28. ಡ್ಯೂರಮ್ ಹುಟ್ಟಿದ್ದೇ ಜವೆಗೋಧಿಯ ಕುಲದಿಂದ. ಅಂದರೆ ಶಾವಿಗೆ, ಪಾಸ್ತಾ ಎರಡೂ ದಾಯಾದಿಗಳು. ಅಜ್ಜಿಯ ಮಾತಿನಲ್ಲಿ ಹುರುಳಿತ್ತು.

ಇನ್ನು ಮೀನು. 1130ರ ಸುಮಾರಿಗೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮೀನಿನ ಅಡುಗೆಯ ವಿವರವಿದೆ. ಇದಾದ ಕೆಲವೇ ವರ್ಷಗಳಲ್ಲಿ, 1154ರಲ್ಲಿ, ಅರಬ್ ಭೂಗೋಳಜ್ಞ ಅಲ್ ಇದ್ರೀಸಿ ಸಿಸಿಲಿ ದ್ವೀಪದಲ್ಲಿ ಒಣ ಪಾಸ್ತಾ ತಯಾರಿಸಿ ಹಡಗಿನಲ್ಲಿ ಹೊರಗೆ ಕಳುಹಿಸುತ್ತಿದ್ದುದನ್ನು ದಾಖಲಿಸಿದ. ಪಾಸ್ತಾವನ್ನು ಚೀನಾದಿಂದ ಇಟಲಿಗೆ ತಂದವನು ಮಾರ್ಕೊ ಪೋಲೊ ಎಂಬ ಕಥೆಯನ್ನು ನೀವು ಕೇಳಿರಬಹುದು. ಅವನು ಹುಟ್ಟಿದ್ದು 1254ರಲ್ಲಿ. ಲೆಕ್ಕ ನೀವೇ ಹಾಕಿ.

ಪಾಯಸ್‌ನ ನಂತರ ಬಂದ ನೂನಿಜ್, ವಿಜಯನಗರದ ಪೇಟೆಯಲ್ಲಿ ನದಿಯ ಮೀನು ಹೇರಳವಾಗಿತ್ತು ಎನ್ನುತ್ತಾನೆ. ಕಂಪ್ಲಿಯ ಕಡೆಯ ತುಂಗಭದ್ರೆಯಲ್ಲಿ ಹರಗೋಲು ನಡೆಸುವವರನ್ನು ಕಂಡವರಿಗೆ ಇದು ಆಶ್ಚರ್ಯವಲ್ಲ. ಕಡಲಿನ ಮಾತು ಬೇರೆ. ಭಟ್ಕಳದ ಬಂದರಿಗೂ ರಾಜಧಾನಿಗೂ ನಡುವೆ ಹೇರೆತ್ತುಗಳು ಓಡಾಡುತ್ತಿದ್ದವು. ಎತ್ತಿನ ನಡಿಗೆಯಲ್ಲಿ, ಮಂಜುಗಡ್ಡೆ ಇಲ್ಲದ ಕಾಲದಲ್ಲಿ ಹಸಿ ಸೀಗಡಿ ಕೆಡದೆ ಘಟ್ಟ ಹತ್ತುವುದು ಅಸಾಧ್ಯ. ಒಣಗಿಸಿ ಉಪ್ಪು ಹಾಕಿದ್ದು ಮಾತ್ರ ಬರಬಹುದಿತ್ತು. ಆ ರಾತ್ರಿಯ ಹಸಿ ಸೀಗಡಿ ಮಂಜುಗಡ್ಡೆಯ ಯುಗದ್ದು.

ಕೊನೆಗೆ ಒಗ್ಗರಣೆ. ಮೆಣಸಿನಕಾಯಿ, ಟೊಮ್ಯಾಟೊ ಎರಡೂ ಅಮೆರಿಕ ಖಂಡದವು. 1420ರ ಸುಮಾರಿಗೆ ನಿಕೊಲೊ ಕಾಂಟಿ ಎಂಬ ಇಟಲಿಯ ವ್ಯಾಪಾರಿ ವಿಜಯನಗರಕ್ಕೆ ಬಂದಿದ್ದ. ವೆನಿಸ್ ಬಳಿಯ ಕಡಲತೀರದ ಊರು ಕಿಯೊಜಾ ಅವನದು. ಆಗ ಅವನ ಊರಿನಲ್ಲಾಗಲಿ ಹಂಪಿಯಲ್ಲಾಗಲಿ ಈ ಎರಡೂ ಇರಲಿಲ್ಲ. ಇಲ್ಲಿನ ಖಾರವೆಂದರೆ ಕರಿಮೆಣಸು. ಪೋರ್ಚುಗೀಸರ ಮೂಲಕ ಹೊಸ ಕಾಯಿ ಬಂದಾಗ ನಮ್ಮವರು ಹಳೆಯ ಮೆಣಸಿನ ಹೆಸರನ್ನೇ ಅದಕ್ಕೂ ಇಟ್ಟು ಮೆಣಸಿನಕಾಯಿ ಎಂದರು.

ಈಗ ಹೇಳಿ, ತಟ್ಟೆಯಲ್ಲಿ ಯಾವುದು ನಮ್ಮದು, ಯಾವುದು ಹೊರಗಿನದು? ಒಂದೊಂದಕ್ಕೂ ಬಂದ ಕಾಲವಿದೆ, ಬಂದ ದಾರಿಯಿದೆ. ಬಂದದ್ದನ್ನು ನಮ್ಮದಾಗಿಸಿದ್ದು ಅಡುಗೆ ಮಾಡಿದ ಕೈ.

ಆ ಕೈಯ ವಿಷಯ ಶಾಸನಗಳಲ್ಲಿ ಸಿಗುವುದು ಅಪರೂಪ. ಊಟ ಮುಗಿದ ಮೇಲೆ ಅಜ್ಜಿ ಅಟ್ಟದ ಮೇಲಿದ್ದ ಶಾವಿಗೆ ಮಣೆಯನ್ನು ತೋರಿಸಿದರು. ಹಿಟ್ಟು ಎಷ್ಟು ನಾದಬೇಕು, ಎಳೆ ತುಂಡಾಗದಂತೆ ಹೇಗೆ ಹೊಸೆಯಬೇಕು, ಎಂಥ ಬಿಸಿಲಲ್ಲಿ ಒಣಗಿಸಬೇಕು ಎಂಬುದೆಲ್ಲ ಅವರ ಬೆರಳಿಗೆ ಗೊತ್ತು. ಆ ಮನೆಯಲ್ಲಿ ಅದನ್ನು ಯಾರೂ ಬರೆದಿಟ್ಟಿರಲಿಲ್ಲ.

ನೀವು ಹೊಸಪೇಟೆಯವರಿರಲಿ, ಸಂಡೂರಿನವರಿರಲಿ, ಬೇರೆ ಊರಿನವರಿರಲಿ, ಈ ವಾರ ಒಂದು ಕೆಲಸ ಮಾಡಿ. ಮನೆಯ ಹಿರಿಯರ ಪಕ್ಕದಲ್ಲಿ ನಿಂತು ಒಂದು ಅಡುಗೆಯನ್ನು ಕಲಿಯಿರಿ. ಯಾವ ಪದಾರ್ಥ ಎಲ್ಲಿಂದ ಬಂತು, ಯಾರಿಂದ ಕಲಿತರು ಎಂದು ಕೇಳಿ. ತಾರೀಖು ಹಾಕಿ ಬರೆದಿಡಿ. ಇಲ್ಲವಾದರೆ ನಮ್ಮ ಮುಂದಿನವರಿಗೂ ಬರಿದಾದ ತಟ್ಟೆಯಷ್ಟೇ ಸಿಕ್ಕೀತು.