ಅನ್ನ ಬಿಟ್ಟು ಏನು ತಿನ್ನೋದು? - ಬ್ಯಾಂಟಿಂಗ್ ಸಾಹೇಬನ ಪಟ್ಟಿ

"ಕಾರ್ಬೋಹೈಡ್ರೇಟ್ ಕಮ್ಮಿ ಮಾಡಿ" ಅಂತ ಡಾಕ್ಟ್ರು ಹೇಳಿದ ದಿನ ಯಾರಾದ್ರೂ ಕೇಳೋ ಮೊದಲ ಪ್ರಶ್ನೆ ಒಂದೇ. ಹಾಗಾದ್ರೆ ತಿನ್ನೋದೇನು? ನಾನೂ ಅದನ್ನೇ ಕೇಳಿದೆ. ಅನ್ನ ಇಲ್ಲ, ಚಪಾತಿ ಇಲ್ಲ, ಆಲೂಗಡ್ಡೆ ಇಲ್ಲ, ಕಾಫಿಗೆ ಸಕ್ಕರೆ ಇಲ್ಲ... ಉತ್ತರ ಹುಡುಕುತ್ತಾ ಹೋದವನಿಗೆ ಸಿಕ್ಕಿದವನು ಲಂಡನ್ನಿನ ಒಬ್ಬ ಮುದುಕ, ವಿಲಿಯಂ ಬ್ಯಾಂಟಿಂಗ್.

ಈತನ ಮನೆತನದ ಕಸುಬು ದೊಡ್ಡವರ ಶವಸಂಸ್ಕಾರದ ಏರ್ಪಾಡು ಮಾಡೋದು! 1852ರಲ್ಲಿ ಸತ್ತ ಡ್ಯೂಕ್ ಆಫ್ ವೆಲ್ಲಿಂಗ್ಟನ್‌ನ ಅಂತ್ಯಕ್ರಿಯೆ ನೋಡಿಕೊಂಡಿದ್ದು ಇವರೇ. (ಹೌದು, 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ಬಂದ ಸೈನ್ಯದಲ್ಲಿದ್ದ ಅದೇ ಆರ್ಥರ್ ವೆಲ್ಲೆಸ್ಲಿ.)

ಬ್ಯಾಂಟಿಂಗ್‌ನ ಎತ್ತರ ಐದಡಿ ಐದಿಂಚು. 1862ರ ಆಗಸ್ಟಿನಲ್ಲಿ ತೂಕ 202 ಪೌಂಡ್, ಅಂದ್ರೆ ಸುಮಾರು 92 ಕೆ.ಜಿ. ವಯಸ್ಸು ಅರವತ್ತೈದು ದಾಟಿತ್ತು. ಬಗ್ಗಿ ಬೂಟಿನ ದಾರ ಕಟ್ಟೋಕೆ ಆಗ್ತಿರಲಿಲ್ಲ. ಮೆಟ್ಟಿಲನ್ನು ಹಿಮ್ಮುಖವಾಗಿ ಇಳೀತಿದ್ದ. ಅದಕ್ಕಿಂತ ನೋವು ಕೊಟ್ಟಿದ್ದು ಜನರ ನಗು. ಬೀದಿಯಲ್ಲಿ, ಗಾಡಿಯಲ್ಲಿ, ಸಭೆಯಲ್ಲಿ ಎಲ್ಲಿ ಹೋದರೂ ಚುಚ್ಚುಮಾತು. ಕೊನೆಗೆ ಜನ ಸೇರೋ ಕಡೆ ಹೋಗೋದನ್ನೇ ತಪ್ಪಿಸಿಕೊಳ್ಳತೊಡಗಿದ.

ಹಾಗಂತ ಸುಮ್ಮನೆ ಕೂತವನಲ್ಲ ಪಾಪ. ವೈದ್ಯರ ಮಾತು ಕೇಳಿ ಬೆಳಬೆಳಿಗ್ಗೆ ದೋಣಿ ಹುಟ್ಟು ಹಾಕಿದ. ಹಸಿವು ಹೆಚ್ಚಾಗಿ ತೂಕ ಇನ್ನಷ್ಟು ಏರಿತು! ಟರ್ಕಿಶ್ ಹಬೆಸ್ನಾನ, ಖನಿಜ ನೀರು, ಔಷಧ... ಯಾವುದೂ ನಾಟಲಿಲ್ಲ.

ಕೊನೆಗೆ ಕಿವಿ ಮಂದವಾಯ್ತು ಅಂತ ಹೋಗಿದ್ದು ವಿಲಿಯಂ ಹಾರ್ವೆ ಎಂಬ ಕಿವಿ ಡಾಕ್ಟರ ಹತ್ತಿರ. (ರಕ್ತಪರಿಚಲನೆಯ ಹಾರ್ವೆ ಅಲ್ಲ, ಆತ ಇನ್ನೂರು ವರ್ಷ ಹಿಂದಿನವನು.) ಈ ಹಾರ್ವೆ ಪ್ಯಾರಿಸ್ಸಿನಲ್ಲಿ ಕ್ಲಾಡ್ ಬರ್ನಾರ್ಡ್‌ನ ಉಪನ್ಯಾಸ ಕೇಳಿ ಬಂದಿದ್ದ. ಪಿತ್ತಜನಕಾಂಗ, ಸಕ್ಕರೆ, ಮಧುಮೇಹ ಇವುಗಳ ನಂಟು ತಲೆಯಲ್ಲಿ ಕೊರೀತಿತ್ತು. ರೋಗ ಕಿವಿಯದ್ದಲ್ಲ, ಬೊಜ್ಜಿನದ್ದು ಅಂತ ತೀರ್ಮಾನಿಸಿ ಆರು ಪದಾರ್ಥ ಬಿಡಿಸಿದ: ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರ್, ಆಲೂಗಡ್ಡೆ.

ಮತ್ತೆ ತಿನ್ನಬೇಕಾದ್ದು? ಬೆಳಿಗ್ಗೆ ನಾಲ್ಕೈದು ಔನ್ಸ್ ಮಾಂಸ ಅಥವಾ ಸುಟ್ಟ ಮೀನು, ಹಾಲು ಸಕ್ಕರೆ ಇಲ್ಲದ ಚಹಾ, ಒಂದು ಔನ್ಸ್ ಒಣ ಟೋಸ್ಟ್. ಮಧ್ಯಾಹ್ನ ಮೀನು ಅಥವಾ ಮಾಂಸ, ಆಲೂಗಡ್ಡೆ ಬಿಟ್ಟು ಯಾವ ತರಕಾರಿಯಾದರೂ ಸರಿ, ಜೊತೆಗೆ ಎರಡು ಮೂರು ಗ್ಲಾಸು ವೈನ್. ಸಂಜೆ ಹಣ್ಣು, ರಸ್ಕು, ಚಹಾ. ರಾತ್ರಿ ಮತ್ತೆ ಮಾಂಸ ಅಥವಾ ಮೀನು, ಮತ್ತೆ ವೈನ್. ಮಲಗೋ ಮುಂಚೆ ಬೇಕಿದ್ರೆ ಇನ್ನೊಂದು ಗ್ಲಾಸು! ಪಥ್ಯ ಅಂದ್ರೆ ಹೀಗಿರಬೇಕು ಮಾರಾಯ್ರೇ.

ತಮಾಷೆ ನೋಡಿ, ಬೆಣ್ಣೆ, ಹಂದಿಮಾಂಸ, ಸಾಲ್ಮನ್ ಮೀನು ಇಲ್ಲಿ ನಿಷಿದ್ಧ. ಇವುಗಳಲ್ಲಿ ಕಾರ್ಬೋಹೈಡ್ರೇಟ್ ಇಲ್ಲವೇ ಇಲ್ಲ ಅನ್ನಬಹುದು. ಇವತ್ತಿನ ಲೋ ಕಾರ್ಬ್ ಪಟ್ಟಿಗಳಲ್ಲಿ ಇವಕ್ಕೇ ಮೊದಲ ಮಣೆ. ಲೆಕ್ಕ ಪೂರ್ತಿ ಸರಿಯಿರಲಿಲ್ಲ, ಆದರೂ ಸುಮಾರು ಒಂದು ವರ್ಷದಲ್ಲಿ 46 ಪೌಂಡ್ (ಹತ್ತಿರ ಹತ್ತಿರ 21 ಕೆ.ಜಿ.) ಇಳಿಯಿತು. ಸೊಂಟ ಹನ್ನೆರಡು ಇಂಚು ಕರಗಿತು. ಕಿವಿಯೂ ಕೇಳಿಸತೊಡಗಿತು.

1863ರಲ್ಲಿ ಇದನ್ನೆಲ್ಲ ಬರೆದು, ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸಿ, ಮೊದಮೊದಲು ಪುಕ್ಕಟೆ ಹಂಚಿದ. ವೈದ್ಯರು ಕೆಲವರು ಗೇಲಿ ಮಾಡಿದರು. ಜನ ಮಾತ್ರ ಮುಗಿಬಿದ್ದು ಓದಿದರು. ಅವನ ಹೆಸರೇ ಕ್ರಿಯಾಪದವಾಯ್ತು. ಸ್ವೀಡನ್ನಿನವರು ಇವತ್ತಿಗೂ ತೂಕ ಇಳಿಸೋದಕ್ಕೆ 'ಬಾಂಟಾ' ಅಂತಾರೆ. ಬ್ಯಾಂಟಿಂಗ್ 81 ವರ್ಷ ಬದುಕಿ 1878ರಲ್ಲಿ ತೀರಿಕೊಂಡ.

ಇದೇ ಮಂತ್ರದಂಡ ಅಂತ ನಾನು ಹೇಳ್ತಿಲ್ಲ. 2018ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ 609 ಜನರನ್ನು ಒಂದು ವರ್ಷ ನೋಡಿದರು. ಕಾರ್ಬೋಹೈಡ್ರೇಟ್ ಬಿಟ್ಟವರಿಗೂ ಕೊಬ್ಬು ಬಿಟ್ಟವರಿಗೂ ಇಳಿದ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳೋರಂತೂ ಡಾಕ್ಟರನ್ನು ಕೇಳದೆ ಅನ್ನದ ತಟ್ಟೆ ದೂಡಬೇಡಿ, ಸಕ್ಕರೆ ಮಟ್ಟ ಕುಸಿದೀತು.

ನನಗೆ ಹಿಡಿಸಿದ್ದು ಬೇರೆಯೇ. "ಕಮ್ಮಿ ತಿನ್ನು, ಓಡಾಡು" ಅಂದವರು ಅವನಿಗೆ ಬಹಳ ಜನ ಸಿಕ್ಕಿದ್ದರು. ಇಂಥದ್ದು ಬಿಡು, ಇಂಥದ್ದು ಇಷ್ಟು ತಿನ್ನು ಅಂತ ಹೊತ್ತುಹೊತ್ತಿಗೆ ಬರೆದುಕೊಟ್ಟವನು ಒಬ್ಬನೇ. ನಗೆಪಾಟಲಾದ ಮನುಷ್ಯನಿಗೆ ಬೇಕಾಗಿದ್ದು ಬುದ್ಧಿಮಾತಲ್ಲ, ಪಟ್ಟಿ.

ನನ್ನ ಪಟ್ಟಿ ಇನ್ನೂ ತಯಾರಾಗ್ತಿದೆ. ಸದ್ಯಕ್ಕೆ ಮೊಟ್ಟೆ, ಬಸಳೆ ಸೊಪ್ಪು, ಹುರುಳಿಕಾಯಿ ಪಲ್ಯ, ಮಜ್ಜಿಗೆ. ಸಾರನ್ನು ಮಾತ್ರ ಅನ್ನವಿಲ್ಲದೆ ಲೋಟದಲ್ಲಿ ಕುಡಿಯೋದು ಇನ್ನೂ ಅಭ್ಯಾಸ ಆಗಿಲ್ಲ :)