ಸ್ಕ್ಯಾನಿಂಗ್ ನಾರ್ಮಲ್, ಆದರೂ ಕಿಬ್ಬೊಟ್ಟೆ ನೋವು: ಎಲ್ಲೆಲ್ಲಿ ಹುಡುಕಬೇಕು?

‘ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲಮ್ಮ’ ಅಂದ ಮೇಲೆ ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಸಿಗೋದು ಹೆಚ್ಚಾಗಿ ಎರಡು ಸಲಹೆ: ಸುಮ್ಮನೆ ಟೆನ್ಷನ್ ಮಾಡ್ಕೋಬೇಡಿ, ಇಲ್ಲವೇ ಗರ್ಭಕೋಶ ತೆಗೆಸಿಬಿಡಿ. ಎರಡನ್ನೂ ನಾನು ಒಪ್ಪಲ್ಲ. ಆರು ತಿಂಗಳಿಗೂ ಮೀರಿ ಕಾಡುವ ಕಿಬ್ಬೊಟ್ಟೆ ನೋವಿಗೆ ಮಾಮೂಲಿ ಸ್ಕ್ಯಾನಿಂಗ್‌ನಲ್ಲಿ ಕಾಣದ ಕಾರಣಗಳೂ ಇರುತ್ತವೆ.

ಹೊಟ್ಟೆಯ ಸ್ನಾಯುವಿನಲ್ಲಿ ಸಿಕ್ಕಿಕೊಂಡ ನರವನ್ನೇ ನೋಡಿ. ಇದನ್ನು ಪತ್ತೆಹಚ್ಚಲು ಮೆಷಿನ್ ಬೇಡ. ಅಂಗಾತ ಮಲಗಿಸಿ, ನೋವಿರುವ ಜಾಗವನ್ನು ಬೆರಳಿಂದ ಒತ್ತಿಹಿಡಿದು, ತಲೆ-ಭುಜ ಎತ್ತಲು ಹೇಳುತ್ತಾರೆ. ಒಳಗಿನ ಅಂಗದ ನೋವಾದರೆ ಸಾಮಾನ್ಯವಾಗಿ ತಗ್ಗುತ್ತದೆ. ಹೊಟ್ಟೆಯ ಗೋಡೆಯದ್ದಾದರೆ ಹಾಗೇ ಉಳಿಯುತ್ತದೆ ಅಥವಾ ಹೆಚ್ಚುತ್ತದೆ. ಕಾರ್ನೆಟ್ ಎಂಬ ಸರ್ಜನ್ ಇದನ್ನು 1926ರಲ್ಲೇ ಹೇಳಿದ್ದರು! ಆ ಜಾಗಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಾಗ ನೋವು ಇಳಿದರೆ ಅನುಮಾನ ಗಟ್ಟಿಯಾಗುತ್ತದೆ. ಇಂಥ ನೋವಿಗೆ ಗರ್ಭಕೋಶ ತೆಗೆದು ಏನು ಪ್ರಯೋಜನ?

ನಿಂತಷ್ಟೂ ಹೆಚ್ಚಾಗಿ, ಮಲಗಿದರೆ ಇಳಿಯುವ ಭಾರದಂಥ ನೋವಾದರೆ ಕಿಬ್ಬೊಟ್ಟೆಯೊಳಗಿನ ರಕ್ತನಾಳಗಳು ಉಬ್ಬಿರಬಹುದು. ಮಲಗಿಸಿ ಮಾಡುವ ಸ್ಕ್ಯಾನಿಂಗ್‌ನಲ್ಲಿ ಇದು ತಪ್ಪಿಹೋಗಬಹುದು, ಡಾಪ್ಲರ್ ಕೇಳಿ. ಸಿಸೇರಿಯನ್ ಹೊಲಿಗೆಯ ಬಳಿ ಗಂಟಿದ್ದು, ಮುಟ್ಟಿನ ದಿನಗಳಲ್ಲಿ ಅದು ನೋಯುತ್ತಿದ್ದರೆ ಎಂಡೊಮೆಟ್ರಿಯೋಸಿಸ್ ಇರಬಹುದು.

ನಮ್ಮ ದೇಶದಲ್ಲಿ ಮರೆಯಲೇಬಾರದ್ದು ಜನನಾಂಗದ ಟಿಬಿ. ಕೆಮ್ಮು, ಜ್ವರ ಇಲ್ಲದೆಯೂ ಅದು ಅಂಡನಾಳದಲ್ಲಿ ಕೂತಿರಬಹುದು. ಎಷ್ಟೋ ಜನರಿಗೆ ಗೊತ್ತಾಗೋದು ಮಕ್ಕಳಾಗಲಿಲ್ಲ ಅಂತ ಆಸ್ಪತ್ರೆಗೆ ಹೋದಾಗಲೇ. ಗರ್ಭಕೋಶದ ಒಳಪದರದ ಮಾದರಿ ತೆಗೆದು ಪರೀಕ್ಷಿಸುತ್ತಾರೆ. ಒಂದು ನೆಗೆಟಿವ್ ವರದಿ ಬಂತು ಅಂತ ಟಿಬಿ ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ. ಔಷಧಿ ಸಾಮಾನ್ಯವಾಗಿ ಆರು ತಿಂಗಳು, ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ.

ಇಷ್ಟೆಲ್ಲ ಹುಡುಕಲು ವೈದ್ಯರಿಗೆ ಸಮಯ ಬೇಕು, ಕೇಳುವ ವ್ಯವಧಾನ ಬೇಕು. ಬಡ ಹೆಣ್ಣುಮಕ್ಕಳಿಗೆ ಸಿಗದೇ ಇರೋದು ಅದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 15-49 ವಯಸ್ಸಿನವರಲ್ಲಿ ನೂರಕ್ಕೆ ಸುಮಾರು 3 ಮಂದಿಯ ಗರ್ಭಕೋಶ ತೆಗೆಯಲಾಗಿದೆ, ಹೆಚ್ಚಿನವು ಖಾಸಗಿ ಆಸ್ಪತ್ರೆಗಳಲ್ಲಿ. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಅಳವಡಿಸಿಕೊಳ್ಳಿ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ಹೇಳಬೇಕಾಯಿತು. ಹಾಗಾಗಿ ಸಹಿ ಹಾಕುವ ಮುನ್ನ ‘ಕಾರಣ ಬರೆದುಕೊಡಿ’ ಅಂತ ಕೇಳಿ, ಇನ್ನೊಬ್ಬ ವೈದ್ಯರಿಗೂ ತೋರಿಸಿ.

ಇದೆಲ್ಲ ಹಳೇ ನೋವಿನ ಮಾತು. ಮುಟ್ಟು ತಪ್ಪಿದ ಮೇಲೆ ದಿಢೀರ್ ಕಿಬ್ಬೊಟ್ಟೆ ನೋವು, ತಲೆಸುತ್ತು ಬಂದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.