ತಲಪಾಡಿ ಗಡಿ

ಮಂಗಳೂರಿನಿಂದ ಕಾಸರಗೋಡಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66ರ ಮೇಲಿನ ಕರ್ನಾಟಕ–ಕೇರಳ ಗಡಿ. 1956ರ ನವೆಂಬರ್ 1ರವರೆಗೆ ಇದರ ಎರಡೂ ಬದಿ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯೇ ಆಗಿತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ಜಿಲ್ಲೆಯ ಬಹುಭಾಗ ಮೈಸೂರಿಗೆ ಸೇರಿತು, ಕಾಸರಗೋಡು ತಾಲ್ಲೂಕು ಕೇರಳದ ಪಾಲಾಯಿತು. ಆ ತಾಲ್ಲೂಕಿನಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ಜಾರಿಗೆ ಬರಲಿಲ್ಲ.

ರಾಜ್ಯ ಬದಲಾದರೂ ಓಡಾಟ ಬದಲಾಗಲಿಲ್ಲ. ದೇಶದಲ್ಲೆಲ್ಲ ಸಂಚರಿಸುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಕೊಡುತ್ತದೆ. ವೀಸಾ, ಪಾಸ್‌ಪೋರ್ಟ್ ಮಾತ್ರವಲ್ಲ, ಅಂತಾರಾಜ್ಯ ವಲಸೆ ಮತ್ತು ಕ್ವಾರಂಟೈನ್ ಕೂಡ ಕೇಂದ್ರ ಪಟ್ಟಿಯ ವಿಷಯಗಳು. ಗಡಿಯಾಚೆ ಕೇರಳದ ಮಂಜೇಶ್ವರ, ಕುಂಬಳೆ ಕಡೆಯವರು ಕಾಲೇಜಿಗೆ, ಕೆಲಸಕ್ಕೆ, ಆಸ್ಪತ್ರೆಗೆ ಮಂಗಳೂರನ್ನೇ ನೆಚ್ಚಿಕೊಂಡರು. ಚೆಕ್‌ಪೋಸ್ಟಿನಲ್ಲಿ ನಿಲ್ಲಬೇಕಾದದ್ದು ಲಾರಿಗಳು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಮಾರಾಟ ತೆರಿಗೆಯ ತಪಾಸಣೆಯೂ ಹೋಯಿತು.

ಒಂದೇ ಒಕ್ಕೂಟದೊಳಗೆ ರಾಜ್ಯ ಬದಲಾದರೆ ಹೀಗೆ; ಒಕ್ಕೂಟವನ್ನೇ ಬಿಟ್ಟರೆ ಕಥೆ ಬೇರೆ. 2020ರ ಜನವರಿ 31ರಂದು ಐರೋಪ್ಯ ಒಕ್ಕೂಟದಿಂದ ಹೊರಬಂದ ಬ್ರಿಟನ್‌ನಲ್ಲಿ ಮುಕ್ತ ಸಂಚಾರ ಆ ವರ್ಷದ ಕೊನೆಗೆ ಮುಗಿಯಿತು. 2021ರಿಂದ ಅಲ್ಲಿಗೆ ಹೊಸದಾಗಿ ಕೆಲಸಕ್ಕೆ ಹೋಗುವ ಪೋಲೆಂಡಿನವರಿಗೂ ಬೆಂಗಳೂರಿನ ಎಂಜಿನಿಯರಿಗೂ ಅಂಕಗಳ ಮೇಲೆ ವೀಸಾ ಕೊಡುವ ಒಂದೇ ಪದ್ಧತಿ. ಐರ್ಲೆಂಡಿನವರಿಗೆ ಮಾತ್ರ ಹಳೆಯ ಒಪ್ಪಂದದ ಮೇರೆಗೆ ವಿನಾಯಿತಿ ಉಳಿಯಿತು.

ಅದೇ 2020ರ ಮಾರ್ಚ್‌ನಲ್ಲಿ ತಲಪಾಡಿಯೂ ಮುಚ್ಚಿತು. ಅದಕ್ಕೆ ಯಾರೂ ಯಾವ ಒಕ್ಕೂಟವನ್ನೂ ಬಿಡಬೇಕಾಗಲಿಲ್ಲ. ಕೊರೊನಾ ಭಯದಿಂದ ಕರ್ನಾಟಕ ಹೆದ್ದಾರಿಗೆ ಅಡ್ಡಗಟ್ಟಿತು, ಒಳರಸ್ತೆಗಳಿಗೆ ಮಣ್ಣು ಸುರಿಯಿತು. ಮಂಗಳೂರಿನ ಆಸ್ಪತ್ರೆಗೆ ಹೊರಟ ಆಂಬುಲೆನ್ಸುಗಳು ಗಡಿಯಿಂದ ಹಿಂದಿರುಗಿದವು. ಚಿಕಿತ್ಸೆ ಸಿಗದೆ ಕಾಸರಗೋಡಿನ ಕಡೆ ರೋಗಿಗಳು ಸತ್ತರು. ಗಡಿ ಕಾಯುವುದೆಂದರೆ ಏನೆಂದು ಅಲ್ಲಿನವರಿಗೆ ಗೊತ್ತಾದದ್ದು 1956ರಲ್ಲಲ್ಲ, ಆಗ. ತಡೆ ತೆಗೆಸುವಂತೆ ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ಕೇಂದ್ರಕ್ಕೆ ಸೂಚಿಸಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ತುರ್ತು ಚಿಕಿತ್ಸೆಯ ರೋಗಿಗಳನ್ನು ತಪಾಸಣೆ ಮಾಡಿ ತಲಪಾಡಿಯಲ್ಲಿ ಬಿಡುವುದೆಂದು ಒಪ್ಪಂದವಾಗಿ, ಏಪ್ರಿಲ್ 7ರಂದು ಮೊಕದ್ದಮೆ ಮುಗಿಯಿತು. 2021ರಲ್ಲಿ ಕೇರಳದಿಂದ ಬರುವವರು 72 ಗಂಟೆಯೊಳಗಿನ ಆರ್‌ಟಿ–ಪಿಸಿಆರ್ ವರದಿ ತೋರಿಸಬೇಕಾಯಿತು. ದಿನವೂ ಗಡಿ ದಾಟುವ ವಿದ್ಯಾರ್ಥಿಗಳಿಗೆ, ಕೂಲಿಯವರಿಗೆ ಇದು ವೀಸಾಕ್ಕಿಂತ ಕಡಿಮೆಯದೇನೂ ಆಗಿರಲಿಲ್ಲ.